ಬ್ರಿಟಿಷ್ ಪಾಸ್‌ಪೋರ್ಟ್ ತಗೊಳ್ಳುವ ಮೊದಲು ಧಾರವಾಡದ ತಮ್ಮನ ಬಗ್ಗೆ ಯೋಚಿಸಿ

ಬೌದ್ಧಿಕ ಅಂಗವೈಕಲ್ಯವಿರುವ ತಮ್ಮನೋ ತಂಗಿಯೋ ಧಾರವಾಡದಲ್ಲಿ ಅವ್ವ-ಅಪ್ಪನ ಜೊತೆಗಿದ್ದು ನೀವು ಬ್ರಿಟನ್ನಿನಲ್ಲಿದ್ದರೆ, ಮುಂದೆ ಅವರ ಹೊಣೆ ನಿಮ್ಮ ಮೇಲೆ ಬರುತ್ತದೆ. ಮೊದಲು ಒಂದು ಶಬ್ದದ ಗೊಂದಲ. ಇಲ್ಲಿ ಬ್ರಿಟನ್ನಿನಲ್ಲಿ 'ಲರ್ನಿಂಗ್ ಡಿಸೆಬಿಲಿಟಿ' ಅಂದರೆ ಬೌದ್ಧಿಕ ಅಂಗವೈಕಲ್ಯ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 'ಸ್ಪೆಸಿಫಿಕ್ ಲರ್ನಿಂಗ್ ಡಿಸೆಬಿಲಿಟಿ' ಅಂದರೆ ಓದು-ಬರಹ ಕಷ್ಟವಾಗುವ ಡಿಸ್ಲೆಕ್ಸಿಯಾದಂಥದ್ದು. ಊರಿನ ಡಾಕ್ಟರ ಪತ್ರದಲ್ಲಿ 'ಇಂಟೆಲೆಕ್ಚುವಲ್ ಡಿಸೆಬಿಲಿಟಿ' ಎಂದೇ ಬರೆಸಿ.

ಜನ ದುಡ್ಡು ಕಳಕೊಳ್ಳುವುದು ಅಡಲ್ಟ್ ಡಿಪೆಂಡೆಂಟ್ ರಿಲೇಟಿವ್ ವೀಸಾದಲ್ಲಿ, ಅಂದರೆ ಆರೈಕೆ ಬೇಕಾದ ವಯಸ್ಕ ಸಂಬಂಧಿಯನ್ನು ಬ್ರಿಟನ್ನಿಗೆ ಕರೆಸಿಕೊಳ್ಳುವ ವೀಸಾದಲ್ಲಿ. 18 ದಾಟಿದ ಒಡಹುಟ್ಟಿದವರನ್ನೂ ಇದರಲ್ಲಿ ಕರೆಸಬಹುದು. ಆದರೆ 2012ರ ಜುಲೈನಿಂದ ನಿಯಮ ಬಹಳ ಬಿಗಿ. ತಿಂಗಳಾ ತಿಂಗಳಾ ಊರಿಗೆ ಕಳಿಸಿದ ಹಣದ ರಸೀದಿಗಳನ್ನು ಹೆಮ್ಮೆಯಿಂದ ಲಗತ್ತಿಸುತ್ತಾರೆ, ಅದೇ ಮುಳುವಾಗುತ್ತದೆ. ನಿಮ್ಮ ಹಣದ ಸಹಾಯ ಇದ್ದಾಗ್ಯೂ ಅಲ್ಲಿ ಆರೈಕೆ ಸಿಗುವುದಿಲ್ಲ ಎಂದು ನೀವು ತೋರಿಸಬೇಕು. ರಸೀದಿ ಹೇಳುವುದು ಸಿಗುತ್ತಿದೆ ಎಂದು. ಸಂಬಳದ ಆಳು ಇದ್ದು ಬಿಟ್ಟುಹೋಗಿದ್ದರೆ ಯಾರು, ಯಾವಾಗ, ಏಕೆ ಎಂಬುದನ್ನು ಬರೆಯಬೇಕು. ಗದಗಿಗೆ ಕೊಟ್ಟ ಅಕ್ಕ ಇದ್ದರೆ ಆಕೆ ಏಕೆ ನೋಡಿಕೊಳ್ಳಲಾರಳು ಎಂಬುದೂ ಬೇಕು. ಡಾಕ್ಟರ ಪತ್ರದಲ್ಲಿ 'ಸಹಾಯ ಬೇಕು' ಎಂದಷ್ಟೇ ಇದ್ದರೆ ಸಾಲದು: ಅಂಗಿಯ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ, ಮೈಮೇಲೆ ನೀರು ಹಾಕಿಕೊಂಡರೂ ಸೋಪು ಹಚ್ಚಿಕೊಳ್ಳುವುದಿಲ್ಲ, ಒಲೆ ಹಚ್ಚಲು ಬಿಡುವಂತಿಲ್ಲ, ಹೀಗೆ ಒಂದೊಂದಾಗಿ ಇರಬೇಕು. ಅರ್ಜಿ ಊರಿನಿಂದಲೇ ಹಾಕಬೇಕು. ವಿಸಿಟರ್ ವೀಸಾದಲ್ಲಿ ಕರೆತಂದು ಇಲ್ಲಿ ಬದಲಿಸಲು ದಯವಿಟ್ಟು ಹೋಗಬೇಡಿ, ಆಗುವುದಿಲ್ಲ. ಶುಲ್ಕ ಮೂರು ಸಾವಿರ ಪೌಂಡಿಗೂ ಹೆಚ್ಚು, ತಿರಸ್ಕಾರವಾದರೆ ವಾಪಸ್ಸಿಲ್ಲ. ಬಹುಪಾಲು ಮನೆಗಳಿಗೆ ಈ ದಾರಿ ಬೇಡವೆಂದೇ ನಮ್ಮ ಸಲಹೆ.

ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇದೆ. ಈ ವೀಸಾಕ್ಕೆ ನಿಮಗೆ ಐಎಲ್‌ಆರ್ (ಬ್ರಿಟನ್ನಿನಲ್ಲಿ ಕಾಯಂ ಇರುವ ಅನುಮತಿ) ಇದ್ದರೆ ಸಾಕು. ಅದು ತಿಳಿಯದೆ ಅವಸರದಲ್ಲಿ ಬ್ರಿಟಿಷ್ ಪೌರತ್ವ ತಗೊಳ್ಳುತ್ತಾರೆ. ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ, ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡು ಪೌರತ್ವವಲ್ಲ. ಬೌದ್ಧಿಕ ಅಂಗವೈಕಲ್ಯದಂಥ ಸ್ಥಿತಿಯವರಿಗಾಗಿ ಇರುವ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಅವರ ಕಾನೂನಿನ ಪೋಷಕರಾಗುವವರು ಭಾರತದ ಪ್ರಜೆಯೇ ಆಗಿರಬೇಕು. ಹೊಸ ಪಾಸ್‌ಪೋರ್ಟ್ ಹಿಡಿದು ಬಂದ ಅಣ್ಣ ಅರ್ಹನೇ ಅಲ್ಲ. ಅವ್ವ-ಅಪ್ಪ ಇರುವಾಗಲೇ, ನೀವು ಇನ್ನೂ ಭಾರತದ ಪ್ರಜೆಯಾಗಿರುವಾಗಲೇ, ಮನೆಯಲ್ಲಿ ಕೂತು ಯಾರು ಪೋಷಕರು ಎಂದು ತೀರ್ಮಾನಿಸಿ. ನೀವು ಪೌರತ್ವ ಬದಲಿಸುವುದೇ ಆದರೆ ಊರಲ್ಲಿರುವ ಅಕ್ಕನೋ ಚಿಕ್ಕಪ್ಪನ ಮಗನೋ ಒಪ್ಪಬೇಕು.

ಪೋಷಕರ ನೇಮಕದ ಅರ್ಜಿ ಹೋಗುವುದು ಡಿಸಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ, ಫಾರ್ಮ್ 'ಎ'ಯಲ್ಲಿ. ನೇಮಕವಾದ ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಆಮೇಲೆ ವರ್ಷವರ್ಷ ಲೆಕ್ಕ. ಜಿಲ್ಲೆಯಲ್ಲೇ ಮುಗಿಯುವ ಈ ವ್ಯವಸ್ಥೆ ಸ್ವತಃ ತೀರ್ಮಾನ ಮಾಡಲಾಗದವರ ವಿಷಯ ನೋಡುವ ಇಂಗ್ಲೆಂಡಿನ ಕೋರ್ಟ್ ಆಫ್ ಪ್ರೊಟೆಕ್ಷನ್‌ಗಿಂತ ಎಷ್ಟೋ ಹಗುರ.

ಆದರೆ ರಜೆಯ ವಿಷಯದಲ್ಲಿ ಬ್ರಿಟನ್ನೇ ಮೇಲು. 2024ರ ಏಪ್ರಿಲ್ 6ರಿಂದ ನೌಕರರಿಗೆ ಕೇರರ್ಸ್ ಲೀವ್ (ಆರೈಕೆಗೆಂದು ಕೊಡುವ ರಜೆ) ಇದೆ: ಸೇರಿದ ಮೊದಲ ದಿನದಿಂದ ಹಕ್ಕು, ವರ್ಷಕ್ಕೆ ಒಂದು ವಾರ, ಸಂಬಳವಿಲ್ಲ. ಒಂದೇ ಮನೆಯಲ್ಲಿರಬೇಕೆಂದಿಲ್ಲ, ಆರೈಕೆಯ ಏರ್ಪಾಟಿಗೂ ಬಳಸಬಹುದು. ಪುರಾವೆ ಕೇಳುವಂತಿಲ್ಲ. ಕಂಪನಿ ಮುಂದೂಡಬಹುದೇ ಹೊರತು ನಿರಾಕರಿಸುವಂತಿಲ್ಲ. ಐದು ದಿನ ಬೇಕಾದರೆ ಹತ್ತು ದಿನ ಮೊದಲು ತಿಳಿಸಿ, ಆ ವಾರಕ್ಕೇ ಡಿಸಿ ಕಚೇರಿಯ ಕೆಲಸ ಹೊಂದಿಸಿಕೊಳ್ಳಿ.