ಚಪ್ಪಲಿ ಬಿಟ್ಟು ನಿಲ್ಲಿ, ಕಾಕಾ

ಕಲಬುರಗಿ ಕಡೆಯ ರೈತರೊಬ್ಬರು ಉದ್ಯಾನ ಎಕ್ಸ್‌ಪ್ರೆಸ್‌ನಲ್ಲಿ ಬಂದು, ದಾದರಿನಲ್ಲಿ ಇಳಿದು ನಮ್ಮ ಹೊರರೋಗಿ ವಿಭಾಗಕ್ಕೆ ಬಂದಿದ್ದರು. ಹೆಸರು ಕೂಗಿದರೂ ಬೆಂಚು ಬಿಟ್ಟು ಏಳಲಿಲ್ಲ. ಲಿವರ್ ಕ್ಯಾನ್ಸರ್ ರಕ್ತನಾಳಕ್ಕೂ ಹಬ್ಬಿದ್ದರಿಂದ ಶಸ್ತ್ರಚಿಕಿತ್ಸೆಗೆ ಅವಕಾಶವಿರಲಿಲ್ಲ. ಸೊರಾಫೆನಿಬ್ ಗುಳಿಗೆ ಆರಂಭಿಸಿ ಮೂರು ವಾರವಾಗಿತ್ತು. ನಾಲ್ಕು ದಿನಗಳ ಹಿಂದಷ್ಟೇ ಫೋನಿನಲ್ಲಿ, "ಏನಾದರೂ ತೊಂದರೆ ಇದೆಯೇ, ಕಾಕಾ?" ಎಂದು ಕೇಳಿದ್ದೆ. "ಏನೂ ಇಲ್ಲ ತಂಗಿ, ಆರಾಮ ಇದ್ದೇನೆ" ಎಂದಿದ್ದರು. ಈಗ ಚಪ್ಪಲಿ ಬಿಡಿಸಿ ನೋಡಿದರೆ ಎರಡೂ ಹಿಮ್ಮಡಿಗಳಲ್ಲಿ ನೀರು ತುಂಬಿದ ಗುಳ್ಳೆಗಳು, ಸುತ್ತ ಕೆಂಪು.

"ಹೇಳಿದರೆ ಗುಳಿಗೆ ನಿಲ್ಲಿಸಿಬಿಡುತ್ತೀರಿ ಎಂದು ಸುಮ್ಮನಿದ್ದೆ" ಎಂದರು.

ಮುಂಬಯಿಯಲ್ಲಿ ಕ್ಯಾನ್ಸರ್ ವಿಭಾಗದ ದಾದಿಯಾಗಿರುವ ನನಗೆ ಆ ಮಾತು ಇಂದಿಗೂ ಚುಚ್ಚುತ್ತದೆ. ತಪ್ಪು ಅವರದಲ್ಲ. ನಾನು ಕೇಳಿದ ಪ್ರಶ್ನೆಯೇ ಸರಿಯಿರಲಿಲ್ಲ.

ಗಡ್ಡೆ ಬೆಳೆಯಲು ಹೊಸ ರಕ್ತನಾಳಗಳು ಬೇಕು. ಅವುಗಳನ್ನು ಕರೆಯುವ ಸಂಕೇತಗಳನ್ನೇ ಸೊರಾಫೆನಿಬ್ ತಡೆಯುತ್ತದೆ. ಆದರೆ ನಡೆಯುವಾಗ, ಭಾರ ಹೊರುವಾಗ ಅಂಗಾಲು ಅಂಗೈಗಳಿಗೆ ಆಗುವ ಸಣ್ಣ ಪೆಟ್ಟುಗಳನ್ನು ಮಾಯಿಸಲು ದೇಹಕ್ಕೂ ಅಂಥ ಸಂಕೇತಗಳೇ ಬೇಕು. ಗುಳ್ಳೆ ಏಳುವುದಕ್ಕೆ ತಜ್ಞರು ಕೊಡುವ ವಿವರಣೆ ಇದು. ಬರಿಗಾಲಲ್ಲಿ ಹೊಲ ತಿರುಗುವವರಿಗೆ ಇದರ ಬಿಸಿ ಹೆಚ್ಚು.

ಅಂದಿನಿಂದ ಗುಳಿಗೆ ಆರಂಭಿಸುವ ಮೊದಲೇ ಕಾಲು ನೋಡುತ್ತೇನೆ. ತೂಕದ ಯಂತ್ರ ಏರಲು ಎಲ್ಲರೂ ಚಪ್ಪಲಿ ಬಿಡುತ್ತಾರಲ್ಲ, ಅದೇ ಸಮಯ. ಇದೇ ಕ್ಯಾನ್ಸರಿಗೆ ಕೊಡುವ ಇನ್ನೊಂದು ಔಷಧಿ ಲೆನ್ವಾಟಿನಿಬ್ ಆದರಂತೂ ತೂಕ ಸರಿಯಾಗಿ ತಿಳಿಯಲೇಬೇಕು: 60 ಕಿಲೋಗಿಂತ ಕಡಿಮೆ ಇದ್ದರೆ ದಿನಕ್ಕೆ 8 ಮಿಲಿಗ್ರಾಂ, 60 ಅಥವಾ ಅದಕ್ಕೂ ಮೇಲಿದ್ದರೆ 12. ದಡ್ಡುಗಟ್ಟಿದ ಚರ್ಮವನ್ನು ಮೊದಲೇ ಮೆದುವಾಗಿ ತೆಗೆಸುತ್ತೇವೆ. ಯೂರಿಯಾ ಇರುವ ಮುಲಾಮನ್ನು ಮೊದಲ ದಿನದಿಂದಲೇ ಹಚ್ಚಲು ಹೇಳುತ್ತೇನೆ, ಗುಳ್ಳೆ ಎದ್ದ ಮೇಲಲ್ಲ. ಹತ್ತಿಯ ಕಾಲುಚೀಲ, ಮೆತ್ತನೆಯ ಚಪ್ಪಲಿ. ಬಿಸಿನೀರಿನಲ್ಲಿ ಕಾಲು ಇಡುವುದು ಬೇಡ. ಜೊತೆಗೆ ಬಂದ ಮನೆಯವರ ಕೈಯಲ್ಲಿಯೇ ಒಮ್ಮೆ ಮುಲಾಮು ಹಚ್ಚಿಸುತ್ತೇನೆ. ಬಾಯಿಮಾತು ಊರು ತಲುಪುವಷ್ಟರಲ್ಲಿ ಮರೆತುಹೋಗುತ್ತದೆ.

ಗುಳಿಗೆಯ ಬೆಲೆಯೂ ನಮ್ಮ ನಗರದೊಂದಿಗೆ ಬೆಸೆದುಕೊಂಡಿದೆ. 2012ರ ಮಾರ್ಚ್‌ನಲ್ಲಿ ಮುಂಬಯಿಯ ಪೇಟೆಂಟ್ ಕಚೇರಿ ದೇಶದ ಮೊದಲ ಕಡ್ಡಾಯ ಪರವಾನಗಿಯನ್ನು, ಅಂದರೆ ಪೇಟೆಂಟ್ ಹೊಂದಿದವರ ಒಪ್ಪಿಗೆ ಇಲ್ಲದೆಯೂ ಬೇರೆ ಕಂಪನಿ ಔಷಧಿ ತಯಾರಿಸಲು ಅನುಮತಿಯನ್ನು, ಸೊರಾಫೆನಿಬ್‌ಗೇ ಕೊಟ್ಟಿತು. ತಿಂಗಳಿಗೆ ಸುಮಾರು 2.80 ಲಕ್ಷ ರೂಪಾಯಿ ಇದ್ದ 120 ಗುಳಿಗೆಗಳನ್ನು ನ್ಯಾಟ್ಕೊ ಕಂಪನಿ 8,880 ರೂಪಾಯಿಗೆ ಮಾರಬೇಕೆಂದು ಆದೇಶವಾಯಿತು. ಆ ಆದೇಶ ಇಲ್ಲದಿದ್ದರೆ ಕಾಕಾ ಅವರಂಥವರು ಹೊಲ ಮಾರಬೇಕಾಗುತ್ತಿತ್ತೆಂದೇ ನನ್ನ ಭಾವನೆ.

ಈಗ ಇದಕ್ಕಿಂತ ಮುಂದಿನ ಚಿಕಿತ್ಸೆಯೂ ಇದೆ. ಅಟೆಜೊಲಿಜುಮ್ಯಾಬ್ ಮತ್ತು ಬೆವಾಸಿಜುಮ್ಯಾಬ್ ಎಂಬ ಎರಡು ಚುಚ್ಚುಮದ್ದುಗಳನ್ನು ಮೂರು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುತ್ತಾರೆ. ಪ್ರಯೋಗದಲ್ಲಿ ಸೊರಾಫೆನಿಬ್ ಪಡೆದವರ ಮಧ್ಯಮ ಬದುಕುಳಿಯುವ ಅವಧಿ (ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿರುವ ಅವಧಿ) 13.4 ತಿಂಗಳಾದರೆ, ಈ ಜೋಡಿ ಪಡೆದವರದು 19.2 ತಿಂಗಳು. ಆದರೆ ಬೆವಾಸಿಜುಮ್ಯಾಬ್‌ನಿಂದ ರಕ್ತಸ್ರಾವದ ಅಪಾಯವಿದೆ. ಲಿವರ್ ಕೆಟ್ಟವರ ಅನ್ನನಾಳದಲ್ಲಿ ರಕ್ತನಾಳಗಳು ಉಬ್ಬಿ ಒಡೆಯಬಹುದು, ಹಾಗಾಗಿ ಅವನ್ನು ಎಂಡೋಸ್ಕೋಪಿಯಲ್ಲಿ ನೋಡಿದ ಮೇಲೆಯೇ ಆರಂಭಿಸುತ್ತಾರೆ. ಖರ್ಚಂತೂ ಎಲ್ಲರ ಕೈಗೆ ಎಟುಕುವುದಿಲ್ಲ. ಹಾಗಾಗಿ ನನ್ನ ಮೇಜಿನ ಮುಂದೆ ಗುಳಿಗೆಯವರೇ ಹೆಚ್ಚು.

ಕಾಕಾ ಅವರ ಗುಳಿಗೆಯನ್ನು ವೈದ್ಯರು ಕೆಲ ದಿನ ನಿಲ್ಲಿಸಿ, ಗುಳ್ಳೆ ಮಾಯ್ದ ಮೇಲೆ ಅರ್ಧ ಪ್ರಮಾಣದಲ್ಲಿ ಮತ್ತೆ ಆರಂಭಿಸಿದರು. ನಿಲ್ಲಿಸುವುದೆಂದರೆ ಕೈಬಿಡುವುದಲ್ಲ ಎಂದು ಅವರಿಗೆ ಎರಡು ಬಾರಿ ಬಿಡಿಸಿ ಹೇಳಿದೆ. ಈಗ ಯಾರಿಗೇ ಫೋನ್ ಮಾಡಿದರೂ ತೊಂದರೆ ಇದೆಯೇ ಎಂದು ಕೇಳುವುದಿಲ್ಲ. "ಇವತ್ತು ಬಾವಿಯವರೆಗೆ ನಡೆದಿರಾ? ಹಿಮ್ಮಡಿ ಊರಿದಾಗ ಉರಿಯಿತೇ? ರೊಟ್ಟಿ ಮುರಿಯುವಾಗ ಬೆರಳು ನೋಯುತ್ತದೆಯೇ?" ಎಂದು ಕೇಳುತ್ತೇನೆ.