ಹರಾಜಿಗೆ ಬಂದ ಮುತ್ಸದ್ದಿಯ ಕರಡು: ಕೂಗುವ ಮುನ್ನ ಏನೇನು ನೋಡಬೇಕು

ಹರಾಜಿನ ಕ್ಯಾಟಲಾಗಿನಲ್ಲಿ ‘ರಾಜಕೀಯ ವಿದ್ಯಮಾನಗಳ ಕುರಿತ ಕರಡು, 4 ಪುಟ, ಸಹಿ ಇದೆ’ ಎಂಬ ಸಾಲು ಕಂಡೊಡನೆ ಸಂಗ್ರಾಹಕನ ಕಣ್ಣು ನೇರವಾಗಿ ಕೊನೆಯ ಪುಟದ ಸಹಿಗೆ ಹೋಗುತ್ತದೆ. ಮನಸ್ಸಿನಲ್ಲೇ ಅವನು ಬೆಲೆ ಕಟ್ಟುವುದೂ ಆ ಸಹಿಗೇ. ಕರಡು ಕೊಳ್ಳಲು ಹೊರಟವರು ಮೊದಲು ಈ ಅಭ್ಯಾಸವನ್ನು ಬಿಡಬೇಕು. ಬರಿಯ ಸಹಿ ಸಾಕೆಂದರೆ ಹಳೆಯ ಆಮಂತ್ರಣ ಪತ್ರಿಕೆಯ ಮೇಲೋ ಫೋಟೋದ ಹಿಂದೆಯೋ ಅದು ಎಷ್ಟೋ ಕಡಿಮೆ ದುಡ್ಡಿಗೆ ಸಿಗುತ್ತದೆ. ಕರಡಿನಲ್ಲಿ ಬೆಲೆಯಿರುವುದು ಗೀಟೆಳೆದು ಹೊಡೆದುಹಾಕಿದ ಪದಕ್ಕೆ, ಅದರ ನೆತ್ತಿಯ ಮೇಲೆ ಸಣ್ಣಕ್ಷರದಲ್ಲಿ ಬರೆದ ಬದಲಿ ಪದಕ್ಕೆ, ಅಂಚಿನಿಂದ ಬಾಣ ಎಳೆದು ಒಳಗೆ ತಂದ ವಾಕ್ಯಕ್ಕೆ.

ನಮ್ಮೂರಿನದೇ ಒಂದು ಸಂದರ್ಭವನ್ನು ನೆನೆಯಬಹುದು. 1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿದಾಗ ಇಂದಿರಾ ಗಾಂಧಿಯವರು ಆರ್ಥಿಕ ನೀತಿಯ ಬಗ್ಗೆ ‘ಬಿಡಿ ಆಲೋಚನೆಗಳು’ ಎಂಬಂತೆ ಒಂದು ಟಿಪ್ಪಣಿಯನ್ನು ಕಳುಹಿಸಿದ್ದರು. ಆಗ ಪಕ್ಷದ ಅಧ್ಯಕ್ಷರಾಗಿದ್ದವರು ಎಸ್. ನಿಜಲಿಂಗಪ್ಪ. ಅದೇ ತಿಂಗಳ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು, ವರ್ಷ ಮುಗಿಯುವುದರೊಳಗೆ ಪಕ್ಷ ಇಬ್ಭಾಗವಾಯಿತು. ಅಂಥ ಟಿಪ್ಪಣಿಯ ಅಂತಿಮ ಪಾಠ ಪತ್ರಿಕೆಗಳಲ್ಲಿ ಬಂದು ಎಲ್ಲರಿಗೂ ತಿಳಿದದ್ದೇ ಆಗಿರುತ್ತದೆ. ಆದರೆ ‘ಕೂಡಲೇ’ ಎಂದು ಬರೆದು ಹೊಡೆದು ‘ಕ್ರಮೇಣ’ ಎಂದು ತಿದ್ದಿದ ಕೈ ಯಾರದು, ತಿದ್ದಿದ್ದು ಸಭೆಗೆ ಮೊದಲೋ ಆಮೇಲೋ ಎಂಬುದನ್ನು ಹೇಳಬಲ್ಲದ್ದು ಕರಡು ಮಾತ್ರ. ತಿದ್ದುಪಡಿಯೇ ಇಲ್ಲದೆ ಮುತ್ತು ಪೋಣಿಸಿದಂತಿರುವ ‘ಕರಡು’ ಎದುರಾದರೆ ಅದು ಯಾರೋ ಚೆನ್ನಾಗಿ ನಕಲು ಮಾಡಿದ ಪ್ರತಿ ಎಂದೇ ಎಣಿಸಿ ವಿಚಾರಣೆಯನ್ನು ಆರಂಭಿಸುವುದು ಒಳ್ಳೆಯದು.

ಹಾಗಾಗಿ ಮೊದಲ ಕೆಲಸ ಮುದ್ರಿತ ಪಾಠವನ್ನು ಹುಡುಕುವುದು. ಕರಡಿನಲ್ಲಿರುವ ವಿಷಯ ಭಾಷಣವಾಗಿಯೋ ಲೇಖನವಾಗಿಯೋ ಹೇಳಿಕೆಯಾಗಿಯೋ ಹೊರಬಂದಿದ್ದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು. ಬೆಂಗಳೂರಿನಲ್ಲಿ ಇದಕ್ಕೆ ಬೇಕಾದ ಜಾಗಗಳು ಹೆಚ್ಚು ದೂರದಲ್ಲಿಲ್ಲ: ವಿಕಾಸಸೌಧದಲ್ಲಿ ರಾಜ್ಯ ಪತ್ರಾಗಾರ ಇಲಾಖೆಯಿದೆ, ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ಕೇಂದ್ರ ಗ್ರಂಥಾಲಯವಿದೆ, ನೃಪತುಂಗ ರಸ್ತೆಯಲ್ಲಿ 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿಯಿದೆ, ಬಸವನಗುಡಿಯ ಕಡೆಯವರಿಗೆ ಡಿ.ವಿ.ಜಿ.ಯವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಿದೆ. ಖೋಟಾ ಕರಡು ತಯಾರಿಸುವವನು ಸಾಮಾನ್ಯವಾಗಿ ಮುದ್ರಿತ ಪಾಠವನ್ನೇ ಎದುರಿಗಿಟ್ಟುಕೊಂಡು ಬರೆಯುವುದರಿಂದ, ಅವನ ಪ್ರತಿಯಲ್ಲಿ ತಿದ್ದುಪಡಿಗಳಿದ್ದರೂ ಅವು ಅಲಂಕಾರಕ್ಕೆ ಹಾಕಿದಂತೆ ಅಲ್ಲೊಂದು ಇಲ್ಲೊಂದು ಇರುತ್ತವೆ. ಅರ್ಥವನ್ನು ತಿರುಗಿಸುವ, ಬರೆದವನೇ ತಡವರಿಸಿದ ಗುರುತು ಅವುಗಳಲ್ಲಿ ಇರುವುದಿಲ್ಲ.

ಎರಡನೆಯದು ಕಾಗದ ಮತ್ತು ಶಾಯಿ. ಹರಾಜಿಗೆ ಮುಂಚೆ ವಸ್ತುಗಳನ್ನು ನೋಡಲು ಬಿಡುವ ಪ್ರದರ್ಶನದ ದಿನ ಹತ್ತು ಪಟ್ಟು ಹಿಗ್ಗಿಸುವ ಮಸೂರ, ಸಣ್ಣ ಟಾರ್ಚು, ಸಾಧ್ಯವಾದರೆ ಅತಿನೇರಳೆ ದೀಪ ಇವಿಷ್ಟನ್ನು ಜೇಬಿನಲ್ಲಿಟ್ಟುಕೊಂಡು ಹೋಗಬೇಕು. ಟಾರ್ಚನ್ನು ಹಾಳೆಗೆ ಸಮನಾಗಿ ಪಕ್ಕದಿಂದ ಹಿಡಿದರೆ ನಿಬ್ಬಿನ ಒತ್ತು, ಟೈಪ್ ಯಂತ್ರದ ಅಕ್ಷರಗಳು ಕೊರೆದ ಹಳ್ಳ, ಅಳಿಸಿ ಬರೆದ ಜಾಗದ ಒರಟು ಎದ್ದುಕಾಣುತ್ತವೆ. ಮಸೂರದಡಿಯಲ್ಲಿ ನಿಜವಾದ ಲೇಖನಿಯ ಗೆರೆ ಎಲ್ಲೆಡೆ ಒಂದೇ ಬಣ್ಣದ್ದಾಗಿರುವುದಿಲ್ಲ. ತಿರುವಿನಲ್ಲಿ ಶಾಯಿ ತುಂಬಿ ಕಪ್ಪಾಗಿ, ವೇಗವಾಗಿ ಎಳೆದಲ್ಲಿ ತೆಳುವಾಗಿ, ಕೊನೆಯಲ್ಲಿ ಬಾಲದಂತೆ ಚೂಪಾಗುತ್ತದೆ. ಮುದ್ರಿಸಿದ ಸಹಿ ಚುಕ್ಕೆಚುಕ್ಕೆಯಾಗಿ ಒಡೆಯುತ್ತದೆ, ರಬ್ಬರ್ ಮೊಹರಿನದು ಅಂಚಿನಲ್ಲಿ ದಪ್ಪಗಟ್ಟುತ್ತದೆ. ಅತಿನೇರಳೆ ಬೆಳಕಿನಲ್ಲಿ ಹಾಳೆ ನೀಲಿಯಾಗಿ ಹೊಳೆದರೆ ಅದರಲ್ಲಿ ಬಿಳುಪುಕಾರಕ ಇದೆಯೆಂದು ಅರ್ಥ, ಅಂಥ ಕಾಗದದ ಮೇಲೆ 1930ರ ದಶಕದ ತಾರೀಖು ನಿಲ್ಲುವುದಿಲ್ಲ. 1983ರಲ್ಲಿ ಜರ್ಮನಿಯ ಸ್ಟರ್ನ್ ವಾರಪತ್ರಿಕೆ ಹಿಟ್ಲರನ ದಿನಚರಿಗಳೆಂದು ನಂಬಿ ಕೊಂಡ ಸಂಪುಟಗಳು ಖೋಟಾ ಎಂದು ಬಯಲಾದದ್ದರಲ್ಲಿ ಯುದ್ಧಾನಂತರವಷ್ಟೇ ಬಳಕೆಗೆ ಬಂದ ಈ ರಾಸಾಯನಿಕದ ಪಾಲು ದೊಡ್ಡದು. ಬಾಲ್‌ಪೆನ್ ಮಾರುಕಟ್ಟೆಯಲ್ಲಿ ಹರಡಿದ್ದು 1945ರ ನಂತರ ಎಂಬುದನ್ನೂ ನೆನಪಿಡಬೇಕು.

ನಮ್ಮ ನಾಡಿನ ಕರಡುಗಳಿಗೆ ಇನ್ನೂ ಸುಲಭವಾದ ಪರೀಕ್ಷೆ ಪತ್ರಶೀರ್ಷಿಕೆಯಲ್ಲೇ ಇದೆ. ‘ಮೈಸೂರು’ ರಾಜ್ಯ ‘ಕರ್ನಾಟಕ’ವಾದದ್ದು 1973ರ ನವೆಂಬರ್ 1ರಂದು. ದಶಮಾಂಶ ನಾಣ್ಯ ಪದ್ಧತಿ ಬಂದದ್ದು 1957ರ ಏಪ್ರಿಲ್ 1ರಂದು, ಆದ್ದರಿಂದ ಅದಕ್ಕೆ ಹಿಂದಿನ ಕರಡಿನ ಲೆಕ್ಕ ಆಣೆಯಲ್ಲಿರಬೇಕು, ನಯಾ ಪೈಸೆಯಲ್ಲಲ್ಲ. ಆರು ಅಂಕಿಯ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಈ ಕೊನೆಯದನ್ನು ನಾನು ದುಡ್ಡು ಕೊಟ್ಟು ಕಲಿತೆ. ಕೆಲವು ವರ್ಷಗಳ ಹಿಂದೆ ಒಬ್ಬ ವ್ಯಾಪಾರಿಯಿಂದ 1968ರ ತಾರೀಖಿನ ಎರಡು ಪುಟದ ಟೈಪ್ ಕರಡನ್ನು, ಕೊನೆಯಲ್ಲಿದ್ದ ಸಹಿಗೆ ಮರುಳಾಗಿ, ಎಂಟು ಸಾವಿರ ರೂಪಾಯಿಗೆ ತಂದೆ. ರಾತ್ರಿ ಊಟ ಮುಗಿಸಿ ಮೇಜಿನ ದೀಪದ ಕೆಳಗೆ ಹರಡಿಕೊಂಡು ಕುಳಿತಾಗ, ಶೀರ್ಷಿಕೆಯ ಬಲತುದಿಯಲ್ಲಿ ‘ಬೆಂಗಳೂರು-1’ ಇರಬೇಕಾದಲ್ಲಿ ಅಚ್ಚುಕಟ್ಟಾಗಿ 560 001 ಎಂದು ಮುದ್ರಿಸಿತ್ತು. ಅಂಗಡಿಯಲ್ಲಿ ಅರ್ಧ ಗಂಟೆ ಅದನ್ನೇ ನೋಡಿದ್ದೆ, ಕಂಡಿರಲಿಲ್ಲ.

ಈ ಪರೀಕ್ಷೆಗಳು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ. ತಾರೀಖಿಗಿಂತ ಹೊಸ ಕಾಗದ ಮೋಸವನ್ನು ತೋರಿಸುತ್ತದೆ; ಹಳೆಯ ಕಾಗದ ಮಾತ್ರ ಏನನ್ನೂ ಸಾಬೀತು ಮಾಡುವುದಿಲ್ಲ, ಏಕೆಂದರೆ ಹಳೆಯ ಲೆಕ್ಕದ ಪುಸ್ತಕಗಳ ಖಾಲಿ ಹಾಳೆಗಳು ಗುಜರಿಯಲ್ಲಿ ತೂಕಕ್ಕೆ ಸಿಗುತ್ತವೆ. ಹಾಗೆಯೇ 1974ರ ಕರಡು ‘ಮೈಸೂರು ಸರ್ಕಾರ’ದ ಶೀರ್ಷಿಕೆಯ ಮೇಲಿದ್ದರೆ ಗಾಬರಿಯಾಗಬೇಕಿಲ್ಲ. ಮಿಕ್ಕ ಹಾಳೆಗಳನ್ನು ಮುಗಿಸಿದ ಮೇಲೆಯೇ ಹೊಸದನ್ನು ಅಚ್ಚುಹಾಕಿಸುವ ಮಿತವ್ಯಯದ ಗುಮಾಸ್ತರು ಆಗ ಎಲ್ಲ ಕಚೇರಿಗಳಲ್ಲೂ ಇದ್ದರು.

ಇನ್ನು ಸಹಿ. ಕರಡಿಗೆ ಸಹಿ ಏಕೆ ಬಂತು ಎಂದು ಕೇಳಿಕೊಳ್ಳಬೇಕು. ಕೆಲಸದ ಕರಡಿನಲ್ಲಿ ಇರುವುದು ಸಾಮಾನ್ಯವಾಗಿ ಪುಟ್ಟ ಸಹಿ ಮತ್ತು ತಾರೀಖು. ಪೂರ್ತಿ ಸಹಿ ಇದ್ದರೆ, ಅದನ್ನು ಮುಂದೆಂದೋ ಆಪ್ತರಿಗೆ ನೆನಪಿಗೆಂದು ಹಾಕಿಕೊಟ್ಟಿರಬಹುದು. ಹಾಗಿದ್ದಾಗ ಸಹಿಯ ಶಾಯಿ ತಿದ್ದುಪಡಿಯ ಶಾಯಿಗಿಂತ ಬೇರೆಯಾಗಿರುತ್ತದೆ. ಇದು ಮೋಸವಲ್ಲ, ಆದರೆ ಕ್ಯಾಟಲಾಗಿನಲ್ಲಿ ಹೇಳಿರಬೇಕು. ಟೈಪ್ ಕರಡಿನ ತಿದ್ದುಪಡಿಗಳು ಆಪ್ತ ಕಾರ್ಯದರ್ಶಿಯ ಕೈಬರಹದಲ್ಲಿರುವುದು ಅಪರೂಪವಲ್ಲ. ‘ಸಹಿ ಮಾಡಿದ ಹಸ್ತಲಿಖಿತ’, ‘ಸಹಿ ಮಾಡಿದ ಟೈಪ್ ಪ್ರತಿ’, ‘ಅವರದೆಂದು ಹೇಳಲಾದ’ ಎಂಬ ಮೂರು ಮಾತುಗಳ ನಡುವೆ ಬೆಲೆಯಲ್ಲಿ ಅಜಗಜಾಂತರವಿದೆ, ಮೂರನೆಯದನ್ನು ಕಂಡರೆ ನಾನು ಪುಟ ತಿರುಗಿಸುತ್ತೇನೆ.

ಕರಡು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಸರಪಳಿಯನ್ನು ಬರಹದಲ್ಲೇ ಕೇಳಿ ಪಡೆಯಬೇಕು. ಹಾಳೆಯ ಎಡಮೇಲ್ತುದಿಯಲ್ಲಿ ಟ್ಯಾಗಿನ ತೂತು, ಮೂಲೆಯಲ್ಲಿ ಕಡತದ ಸಂಖ್ಯೆ ಇದ್ದರೆ ಅದು ಒಮ್ಮೆ ಸರ್ಕಾರಿ ಕಡತದಲ್ಲಿತ್ತು. ಕಡತದಿಂದ ಅದು ಹೇಗೆ ಹೊರಬಂತು ಎಂಬುದಕ್ಕೆ ತೃಪ್ತಿಕರ ಉತ್ತರ ಸಿಗದಿದ್ದರೆ ಕೊಳ್ಳಬಾರದು. ಕೇಂದ್ರದ ದಾಖಲೆಗಳಿಗೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಅನ್ವಯಿಸುತ್ತದೆ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಐತಿಹಾಸಿಕ ಮೌಲ್ಯವಿರುವ ಹಸ್ತಪ್ರತಿ ಅಥವಾ ದಾಖಲೆ 75 ವರ್ಷ ದಾಟಿದರೆ ಪುರಾವಸ್ತು. ಅದನ್ನು ಮಾರುವ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ದೇಶದಿಂದಾಚೆ ಸಾಗಿಸುವಂತಿಲ್ಲ. ಅನುಮಾನವಿದ್ದಲ್ಲಿ ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ಪುರಾತತ್ವ ಸರ್ವೇಕ್ಷಣೆಯ ಕಚೇರಿಯಲ್ಲಿ ವಿಚಾರಿಸಬಹುದು. ವಿದೇಶದ ಹರಾಜಿನಲ್ಲಿ ಸರ್ಕಾರವೇ ಅಡ್ಡಬರುವುದುಂಟು: ಗಾಂಧೀಜಿ 1948ರ ಜನವರಿ 11ರಂದು, ಹತ್ಯೆಗೆ 19 ದಿನ ಮೊದಲು, ‘ಹರಿಜನ’ ಪತ್ರಿಕೆಗಾಗಿ ಬರೆದ ಹಸ್ತಪ್ರತಿ 2007ರ ಜುಲೈನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿಗೆ ಬಂದಾಗ ಅದನ್ನು ಹರಾಜಿನಿಂದ ಹಿಂತೆಗೆದು ಭಾರತಕ್ಕೆ ಕೊಡಲಾಯಿತು.

ಕಾಗದ ಕೊಂಡವರಿಗೆ ಅದರ ಮೇಲಿನ ಮಾತಿನ ಹಕ್ಕುಸ್ವಾಮ್ಯ ಸಿಗುವುದಿಲ್ಲ. ಲೇಖಕರು ತೀರಿಕೊಂಡ ನಂತರದ 60 ವರ್ಷ ಅದು ವಾರಸುದಾರರದು. ನಿಜಲಿಂಗಪ್ಪನವರು ತೀರಿಕೊಂಡದ್ದು 2000ದಲ್ಲಿ, ಹಾಗಾಗಿ ಅವರ ಬರಹಗಳಿಗೆ 2060ರ ಕೊನೆಯವರೆಗೆ ರಕ್ಷಣೆಯಿದೆ. ಬದುಕಿದ್ದಾಗ ಅಚ್ಚಾಗದ ಬರಹವಾದರೆ ಎಣಿಕೆ ಮೊದಲ ಪ್ರಕಟಣೆಯಿಂದ ಶುರುವಾಗುತ್ತದೆ. ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಬಹುದು, ಪುಸ್ತಕ ಮಾಡುವ ಮೊದಲು ಮಾತ್ರ ಅನುಮತಿ ಬೇಕು.

ದುಡ್ಡಿನ ವಿಷಯ ಚಿಕ್ಕದು. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಖರೀದಿದಾರನ ಪ್ರೀಮಿಯಂ, ಅಂದರೆ ಕೊಂಡವರು ಹರಾಜು ಸಂಸ್ಥೆಗೆ ಕೊಡುವ ಶುಲ್ಕ, ಸೇರುತ್ತದೆ. ಅದು 20% ಎಂದುಕೊಂಡರೆ 2,00,000 ರೂಪಾಯಿಯ ಕೂಗು 2,40,000 ಆಗುತ್ತದೆ. ಆಮೇಲೆ ಜಿಎಸ್‌ಟಿ, ಸಾಗಣೆ, ವಿಮೆ. ಕೊನೆಯ ಮೊತ್ತದಿಂದ ಹಿಂದಕ್ಕೆ ಲೆಕ್ಕ ಹಾಕಿ ನಿಮ್ಮ ಗರಿಷ್ಠ ಕೂಗನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕೈ ತಡೆಯದವರು ಹಾಜರಾಗುವ ಬದಲು ಲಿಖಿತ ಬಿಡ್ ಕೊಟ್ಟು ಮನೆಯಲ್ಲಿರುವುದೇ ಕ್ಷೇಮ.

ಮನೆಗೆ ಬಂದ ಕರಡಿಗೆ ಲ್ಯಾಮಿನೇಷನ್ ಮಾಡಿಸಬಾರದು, ಹರಿದ ಕಡೆ ಸೆಲ್ಲೋಟೇಪ್ ಅಂಟಿಸಬಾರದು, ಪಿವಿಸಿ ಹಾಳೆಯಲ್ಲಿ ತುರುಕಬಾರದು. ತುಕ್ಕು ಹಿಡಿದ ಗುಂಡುಪಿನ್ನನ್ನು ಮೆಲ್ಲಗೆ ತೆಗೆದು, ಆಮ್ಲರಹಿತ ಫೋಲ್ಡರಿನಲ್ಲಿ ಮಡಿಕೆ ಬಿಡಿಸಿ ಮಲಗಿಸಿಡಬೇಕು. ಬೆಂಗಳೂರಿನ ಹವೆ ಕಾಗದಕ್ಕೆ ಒಟ್ಟಾರೆ ಒಳ್ಳೆಯದೇ, ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಹೊರಗೋಡೆಗೆ ತಾಗಿದ ಬೀರು ಬೇಡ; ಬೂಷ್ಟು ಮೊದಲು ಹತ್ತುವುದು ಅಲ್ಲೇ. ಫೋಲ್ಡರಿನ ಮೇಲೆ ಪೆನ್ಸಿಲ್ಲಿನಲ್ಲಿ ಕೊಂಡ ತಾರೀಖು, ಲಾಟ್ ಸಂಖ್ಯೆ (ಹರಾಜಿನಲ್ಲಿ ಅದಕ್ಕೆ ಕೊಟ್ಟ ಕ್ರಮಸಂಖ್ಯೆ) ಬರೆದು, ಕ್ಯಾಟಲಾಗಿನ ಆ ಪುಟವನ್ನೂ ರಸೀತಿಯನ್ನೂ ಬೇರೆ ಲಕೋಟೆಯಲ್ಲಿ ಜೊತೆಗೇ ಇಡಿ. ಮುಂದೆ ನಿಮ್ಮಿಂದ ಕೊಳ್ಳಲು ಬರುವವರು ಕರಡಿಗಿಂತ ಮೊದಲು ಕೇಳುವುದು ಆ ಲಕೋಟೆಯನ್ನು.