ಅಜ್ಜ ಕಮಾಂಡೋ ಆಗಿದ್ದರೇ? ಮಿಲ್ಟ್ರಿ ದಾಖಲೆ ಹುಡುಕುವ ದಾರಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಎಷ್ಟೋ ಮನೆಗಳಲ್ಲಿ "ನಮ್ಮ ಮುತ್ಯಾ ಕಮಾಂಡೋ ಇದ್ದ" ಅನ್ನುವ ಮಾತಿದೆ. ಆ ಮಾತನ್ನು ಹಿಡಿದುಕೊಂಡೇ ಹೊರಡಬೇಕು, ಆದರೆ ಅಲ್ಲಿಗೇ ನಿಲ್ಲಬಾರದು. ಯಾಕಂದರೆ ನಮ್ಮ ಕಡೆ ಆ ಒಂದು ಶಬ್ದದೊಳಗೆ ಮೂರು ಬೇರೆ ಬೇರೆ ಸಂಗತಿಗಳು ಇರಬಹುದು.

ಒಂದು, ಬೆಳಗಾವಿಯಲ್ಲೇ ನಡೆಯುವ ಕಮಾಂಡೋ ಕೋರ್ಸು. ಮಧ್ಯಪ್ರದೇಶದ ಮ್ಹೌ ಇನ್‌ಫೆಂಟ್ರಿ ಸ್ಕೂಲಿನ ಅಂಗವಾದ ಈ ತರಬೇತಿಗೆ ದೇಶದ ಎಲ್ಲ ಕಾಲಾಳು ಬೆಟಾಲಿಯನ್ನುಗಳಿಂದ ಜನ ಬರುತ್ತಾರೆ. ಮುಗಿಸಿದವರು ಕಠಾರಿಯ ಬಿಲ್ಲೆ ಹಚ್ಚಿಕೊಂಡು ತಮ್ಮ ತಮ್ಮ ಬೆಟಾಲಿಯನ್ನಿಗೆ ಮರಳುತ್ತಾರೆ. ಎರಡು, ಛತ್ರಿ ಸೈನಿಕರು, ಅಂದರೆ ವಿಮಾನದಿಂದ ಹಾರುವ ಪ್ಯಾರಾಶೂಟ್ ಬೆಟಾಲಿಯನ್ನಿನವರು. ಮೂರು, ನಿಜವಾದ ಪ್ಯಾರಾ ಕಮಾಂಡೋ. 1965ರ ಯುದ್ಧದಲ್ಲಿ ಮೇಜರ್ ಮೇಘ ಸಿಂಗ್ ಕಟ್ಟಿದ 'ಮೇಘದೂತ್ ಫೋರ್ಸ್' ಇದರ ಮೂಲ. ಅದರಿಂದ 1966ರಲ್ಲಿ 9 ಪ್ಯಾರಾ ಕಮಾಂಡೋ ಹುಟ್ಟಿತು, 1967ರಲ್ಲಿ 10 ಪ್ಯಾರಾ ಕಮಾಂಡೋ ಬಂತು. ಮೂವರ ಕಾಗದಗಳೂ ಒಂದೇ ಕಡೆ ಇರುವುದಿಲ್ಲ. ಅಜ್ಜ ಯಾವ ಪೈಕಿ ಅನ್ನುವುದು ಗೊತ್ತಾಗದೆ ಅರ್ಜಿ ಹಾಕಿದರೆ "ಇಂಥವರ ದಾಖಲೆ ನಮ್ಮಲ್ಲಿಲ್ಲ" ಎಂಬ ಉತ್ತರ ಬರುತ್ತದೆ. ಮನೆಯವರು ಅಷ್ಟಕ್ಕೇ ಕೈಬಿಡುತ್ತಾರೆ.

ಆದ್ದರಿಂದ ಕಥೆ ಆಮೇಲೆ. ಮೊದಲು ಬೇಕಾದದ್ದು ಎರಡೇ: ಸೈನಿಕ ಸಂಖ್ಯೆ ಮತ್ತು ಯೂನಿಟ್ಟಿನ ಹೆಸರು.

ಹುಡುಕಾಟ ಟ್ರಂಕಿನಿಂದ ಶುರುವಾಗಲಿ. ಡಿಸ್ಚಾರ್ಜ್ ಬುಕ್ ಸಿಕ್ಕರೆ ಅರ್ಧ ಕೆಲಸ ಆದಂತೆ. ಸಂಖ್ಯೆ, ಹುದ್ದೆ, ಭರ್ತಿಯಾದ ತಾರೀಖು, ಬಿಡುಗಡೆಯಾದ ತಾರೀಖು ಮತ್ತು ಕಾರಣ, ಪದಕ, ಮಾಡಿದ ಕೋರ್ಸು ಎಲ್ಲ ಅದರಲ್ಲೇ ಇರುತ್ತವೆ. ಅದು ಇಲ್ಲದಿದ್ದರೆ ಪಿಂಚಣಿ ಆದೇಶದ ಪತ್ರ, ಅಂದರೆ ಪಿಪಿಒ ನೋಡಿ. ಆಯಿಗೆ, ಅಂದರೆ ಅಜ್ಜಿಗೆ, ಕುಟುಂಬ ಪಿಂಚಣಿ ಬರುತ್ತಿದ್ದರೆ ಬ್ಯಾಂಕಿನಲ್ಲಿ ಅದರ ವಿವರ ಇದ್ದೇ ಇರುತ್ತದೆ. ಪಿಪಿಒ ಸಂಖ್ಯೆ 'ಎಸ್' ಅಕ್ಷರದಿಂದ ಶುರುವಾದರೆ ಸೇವಾ ಪಿಂಚಣಿ, 'ಎಫ್' ಇದ್ದರೆ ಕುಟುಂಬ ಪಿಂಚಣಿ, 'ಡಿ' ಇದ್ದರೆ ಅಂಗವೈಕಲ್ಯದ್ದು. 'ಡಿ' ಕಂಡರೆ ಒಳ್ಳೆಯ ಸುಳಿವು ಸಿಕ್ಕಿತು ಅಂದುಕೊಳ್ಳಿ: ಗಾಯ ಎಲ್ಲಿ, ಹೇಗೆ ಆಯಿತೆಂಬ ವೈದ್ಯಕೀಯ ಮಂಡಳಿಯ ಕಾಗದವೊಂದು ಎಲ್ಲೋ ಇರಬೇಕು. ಮಾಜಿ ಸೈನಿಕರ ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡು, ಹಳೆಯ ಇನ್ಲೆಂಡ್ ಪತ್ರ, ಯಾವುದನ್ನೂ ಎಸೆಯಬೇಡಿ. ಪತ್ರದ ಮೇಲೆ ಬರೀ '56 ಎಪಿಒ' (ಸೈನ್ಯದ ಅಂಚೆ ಕಚೇರಿಯ ಗುರುತು) ಎಂದಿದ್ದರೆ ಜಾಗ ತಿಳಿಯುವುದಿಲ್ಲ, ಆದರೆ ಕಳಿಸಿದವರ ವಿಳಾಸದಲ್ಲಿ ಬೆಟಾಲಿಯನ್ನಿನ ಹೆಸರು ಸಿಗುತ್ತದೆ.

ಇನ್ನು ಪದಕಗಳು. ಇಲ್ಲಿ ಅವಸರ ಬೇಡ. ಆಯುಧಪೂಜೆ ಬಂತೆಂದರೆ ಹುಣಸೆಹಣ್ಣು, ವಿಭೂತಿ ಹಚ್ಚಿ ತಿಕ್ಕುವ ರೂಢಿ ನಮ್ಮಲ್ಲಿದೆ. ವರ್ಷವರ್ಷ ತಿಕ್ಕಿ ತಿಕ್ಕಿ ಅಂಚಿನ ಅಕ್ಷರಗಳೇ ಸವೆದು ಹೋಗುತ್ತವೆ, ಹೋದವು ತಿರುಗಿ ಬರುವುದಿಲ್ಲ. ದುಂಡು ಪದಕದ ದಪ್ಪ ಅಂಚಿನ ಸುತ್ತ ಸಣ್ಣ ಅಕ್ಷರದಲ್ಲಿ ಸಂಖ್ಯೆ, ಹುದ್ದೆ, ಹೆಸರು, ರೆಜಿಮೆಂಟು ಕೊರೆದಿರುತ್ತಾರೆ. ನಕ್ಷತ್ರದ ಆಕಾರದ್ದಾದರೆ ಹಿಂಬದಿಯನ್ನೂ ತಿರುಗಿಸಿ ನೋಡಿ. ಮೆತ್ತನೆಯ ಒಣ ಬಟ್ಟೆಯಿಂದ ಧೂಳು ಒರೆಸಿ, ಕತ್ತಲ ಕೋಣೆಯಲ್ಲಿ ಕರಿ ಬಟ್ಟೆಯ ಮೇಲೆ ಅಂಚು ಮೇಲಾಗುವಂತೆ ನಿಲ್ಲಿಸಿ. ಟಾರ್ಚನ್ನು ಮೇಲಿನಿಂದ ಬಿಡದೆ ಒಂದು ಮಗ್ಗುಲಿನಿಂದ, ಹೆಚ್ಚುಕಡಿಮೆ ಪದಕದ ಮಟ್ಟದಲ್ಲೇ ಬಿಡಿ. ಸವೆದ ಅಕ್ಷರಕ್ಕೂ ನೆರಳು ಬೀಳುತ್ತದೆ. ಸ್ವಲ್ಪ ಸ್ವಲ್ಪ ತಿರುಗಿಸುತ್ತ ಏಳೆಂಟು ಫೋಟೋ ತೆಗೆದರೆ ಇಡೀ ಅಂಚು ಓದಲು ಸಿಗುತ್ತದೆ. ಅಂಚು ಪೂರಾ ಖಾಲಿ ಇದ್ದರೆ ಅದು ಆಮೇಲೆ ಅಂಗಡಿಯಲ್ಲಿ ಕೊಂಡ ಬದಲಿ ಪದಕ ಇರಬಹುದು. ಅಸಲು ಕಳೆದಾಗ ಬಹಳ ಜನ ಹಾಗೆ ಕೊಂಡಿದ್ದಾರೆ. ಅದನ್ನು ಪುರಾವೆಯೆಂದು ನೆಚ್ಚಬೇಡಿ.

ಪದಕ ಯಾವುದು ಎಂಬುದರಲ್ಲೂ ಅರ್ಥವಿದೆ. 1971ರ ಯುದ್ಧಕ್ಕೆ ಪೂರ್ವಿ ಸ್ಟಾರ್ ಅಂದರೆ ಬಾಂಗ್ಲಾದ ಕಡೆ, ಪಶ್ಚಿಮಿ ಸ್ಟಾರ್ ಅಂದರೆ ಪಾಕಿಸ್ತಾನದ ಗಡಿ. "ಅಜ್ಜ ಛತ್ರಿ ಕಟ್ಟಿಕೊಂಡು ಢಾಕಾದ ಹತ್ತಿರ ಹಾರಿದ್ದ" ಎಂಬ ಮನೆಯ ಮಾತಿಗೆ ಎದುರು ಪಶ್ಚಿಮಿ ಸ್ಟಾರ್ ಮಾತ್ರ ಇದ್ದರೆ, ಎರಡರಲ್ಲಿ ಒಂದನ್ನು ಮತ್ತೆ ಪರೀಕ್ಷಿಸಬೇಕು. ಎರಡನೇ ಮಹಾಯುದ್ಧದವರಿಗೆ ಬರ್ಮಾ ಸ್ಟಾರ್, ಇಟಲಿ ಸ್ಟಾರ್, ಆಫ್ರಿಕಾ ಸ್ಟಾರ್ ಇದೇ ರೀತಿ ದಿಕ್ಕು ತೋರಿಸುತ್ತವೆ. ಕೆನ್ನೀಲಿಗೆಂಪು ಬೆರೆ ಟೊಪ್ಪಿಗೆ ಇಡೀ ಪ್ಯಾರಾಶೂಟ್ ರೆಜಿಮೆಂಟಿನದು, ಅದೊಂದರಿಂದಲೇ ಕಮಾಂಡೋ ಅನ್ನಲಾಗದು.

ಸಂಖ್ಯೆ ಸಿಕ್ಕಿತು ಅನ್ನಿ. 1960-70ರ ದಶಕದ ಜವಾನರಲ್ಲಿ 27ರಿಂದ ಶುರುವಾಗುವ ಏಳಂಕಿಯದ್ದು ಮರಾಠಾ ಲೈಟ್ ಇನ್‌ಫೆಂಟ್ರಿಯದು, 136ರಿಂದ ಶುರುವಾಗುವ ಎಂಟಂಕಿಯದ್ದು ಪ್ಯಾರಾಶೂಟ್ ರೆಜಿಮೆಂಟಿನದು ಇರಬಹುದು. ಆದರೆ ಸಂಖ್ಯೆ ಹೇಳುವುದು ಎಲ್ಲಿ ಭರ್ತಿಯಾದರು ಎಂಬುದನ್ನು, ಎಲ್ಲಿ ಕಾದಾಡಿದರು ಎಂಬುದನ್ನಲ್ಲ. ಪರಮವೀರ ಚಕ್ರ ಪಡೆದ ಲಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ ಅವರ ಸಂಖ್ಯೆ 4239746. ಮೊದಲಿನ 42 ಬಿಹಾರ ರೆಜಿಮೆಂಟಿನದು, ಅವರು ಹುತಾತ್ಮರಾದದ್ದು 14 ಗಾರ್ಡ್ಸ್‌ನಲ್ಲಿ. ನಿಮ್ಮ ಅಜ್ಜ 27ರ ಸಂಖ್ಯೆ ಇಟ್ಟುಕೊಂಡೇ ಬೇರೆ ಯೂನಿಟ್ಟಿಗೆ ಹೋಗಿರಬಹುದು. ಇನ್ನೊಂದು ತೊಡಕು: ನಾಯಬ್ ಸುಬೇದಾರ್ ಆದ ಕೂಡಲೇ 'ಜೆಸಿ' ಅಕ್ಷರದ ಹೊಸ ಸಂಖ್ಯೆ ಬರುತ್ತದೆ. ಅರ್ಜಿಯಲ್ಲಿ ಹಳೆಯದು, ಹೊಸದು ಎರಡನ್ನೂ ಬರೆಯಿರಿ. 1965ಕ್ಕಿಂತ ಮೊದಲಿನ ಕಾಗದದಲ್ಲಿ 'ಜಮಾದಾರ್' ಎಂದಿದ್ದರೆ ಅದೇ ಇಂದಿನ ನಾಯಬ್ ಸುಬೇದಾರ್.

ನಮ್ಮ ಸೀಮೆಯವರು ಹೆಚ್ಚು ದಾರಿ ತಪ್ಪುವುದು ಒಂದು ಬೆಟಾಲಿಯನ್ನಿನ ಹೆಸರಿನಲ್ಲಿ. 1944ರ ಜುಲೈನಲ್ಲಿ ಇಟಲಿಯಲ್ಲಿ ಯಶವಂತ ಘಾಡಗೆ ಅವರು ವಿಕ್ಟೋರಿಯಾ ಕ್ರಾಸ್ ಗಳಿಸಿದ್ದು 3/5 ಮರಾಠಾದಲ್ಲಿ, ಅಂದರೆ 5ನೇ ಮರಾಠಾ ಲೈಟ್ ಇನ್‌ಫೆಂಟ್ರಿಯ 3ನೇ ಬೆಟಾಲಿಯನ್ನಿನಲ್ಲಿ. ಯುದ್ಧ ಮುಗಿದ ಮೇಲೆ ಅದು ಛತ್ರಿ ಪಡೆಯಾಗಿ 3 ಪ್ಯಾರಾ ಮರಾಠಾ ಅನಿಸಿಕೊಂಡು, 1948ರಲ್ಲಿ ಕಾಶ್ಮೀರದ ಝಂಗರ್‌ನಲ್ಲಿ ಕಾದಾಡಿತು. 1952ರ ಏಪ್ರಿಲ್‌ನಲ್ಲಿ ಪ್ಯಾರಾಶೂಟ್ ರೆಜಿಮೆಂಟ್ ಕಟ್ಟಿದಾಗ ಅದೇ 2 ಪ್ಯಾರಾ ಆಯಿತು. 1971ರ ಡಿಸೆಂಬರ್ 11ರಂದು ಟಾಂಗೈಲ್‌ನಲ್ಲಿ ವಿಮಾನದಿಂದ ಹಾರಿ ಪೂಂಗ್ಲಿ ಸೇತುವೆ ಹಿಡಿದವರು ಇವರೇ. ವಿಶೇಷ ಪಡೆಯಾಗಿ ಬದಲಾದದ್ದು ಅದಕ್ಕೂ ಎಷ್ಟೋ ವರ್ಷದ ನಂತರ. ಹಾಗಾಗಿ 1950ರಲ್ಲಿ ಸೇರಿ 1965ರಲ್ಲಿ ಸೇವೆ ಬಿಟ್ಟು ಬಂದವರೊಬ್ಬರ ಕಾಗದದಲ್ಲಿ ಒಂದೇ ಬೆಟಾಲಿಯನ್ನಿಗೆ ಎರಡು ಹೆಸರು ಕಂಡರೆ ವರ್ಗವಾಯಿತೆಂದು ತಿಳಿಯಬೇಡಿ, ಹೆಸರಷ್ಟೇ ಬದಲಾಗಿದೆ. ಹೀಗೆಯೇ ಇನ್ನೊಂದು: 1944ರ ಮಾರ್ಚ್‌ನಲ್ಲಿ ಮಣಿಪುರದ ಸಾಂಗ್ಶಾಕ್‌ನಲ್ಲಿ 50ನೇ ಪ್ಯಾರಾಶೂಟ್ ಬ್ರಿಗೇಡ್ ಜಪಾನೀಯರನ್ನು ತಡೆದಾಗ ಜೊತೆಗೆ ನಿಂತದ್ದು 4/5 ಮರಾಠಾ. "ಪ್ಯಾರಾದವರ ಜೊತೆ ಇದ್ದೆ" ಎಂದ ಅಜ್ಜ ಸುಳ್ಳು ಹೇಳಿಲ್ಲ, ಆದರೆ ಅವರು ಕಾಲಾಳು ಪಡೆಯವರೇ. ಇಂಗ್ಲಿಷಿನಲ್ಲಿ ಹುಡುಕುವಾಗ ಮರಾಠಾ ಶಬ್ದದ ಹಳೆಯ ಕಾಗುಣಿತ ನೆನಪಿರಲಿ: 'ಎ' ಆದ ಮೇಲೆ ಒಂದು 'ಎಚ್', ನಡುವೆ ಎರಡು 'ಟಿ'.

ಊರು ಮತ್ತು ಹೆಸರು ಇನ್ನೊಂದು ಗೋಜಲು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ, ಆದ್ದರಿಂದ ಬಾದಾಮಿ, ಹುನಗುಂದ, ಬೀಳಗಿಯವರ ಹಳೆಯ ಕಾಗದದಲ್ಲಿ ಜಿಲ್ಲೆ ಬಿಜಾಪುರ, 1956ರ ಮುಂಚಿನದಾದರೆ ರಾಜ್ಯ ಮುಂಬಯಿ. ಜಮಖಂಡಿ, ಮುಧೋಳ, ರಾಮದುರ್ಗ 1948ರವರೆಗೆ ಸಂಸ್ಥಾನಗಳು. ಮಹಾಯುದ್ಧದ ದಾಖಲೆಯಲ್ಲಿ ಆ ಊರಿನವರು ಸಂಸ್ಥಾನದ ಹೆಸರಿನ ಕೆಳಗೇ ಸಿಗಬಹುದು. ಹೆಸರನ್ನು ಗುಮಾಸ್ತ ಕಿವಿಗೆ ಕೇಳಿದಂತೆ ಬರೆದಿರುತ್ತಾನೆ: ಮಲ್ಲಪ್ಪ 'ಮಾಲಾಪಾ', ಹೊಸಮನಿ 'ಹೋಸ್ಮನಿ'. ಮನೆತನದ ಹೆಸರು ಬಿಟ್ಟು ತಂದೆಯ ಹೆಸರೇ ಕೊನೆಗೆ ಬಂದಿರುವುದೂ ಉಂಟು. ಸಾಧ್ಯವಿರುವ ನಾಲ್ಕೈದು ರೂಪ ಬರೆದಿಟ್ಟುಕೊಂಡು ಎಲ್ಲವನ್ನೂ ಅರ್ಜಿಯಲ್ಲಿ ಕೊಡಿ.

ಈಗ ಪತ್ರ ಬರೆಯುವ ಹೊತ್ತು. ಜವಾನರ, ಜೆಸಿಒಗಳ (ನಾಯಬ್ ಸುಬೇದಾರ್‌ನಿಂದ ಸುಬೇದಾರ್ ಮೇಜರ್‌ವರೆಗಿನವರ) ಕಾಗದ ಇರುವುದು ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ. ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲೇ ಇದೆ, ಪ್ಯಾರಾಶೂಟ್ ರೆಜಿಮೆಂಟಿನದು ಬೆಂಗಳೂರಿನಲ್ಲಿ. ಇಬ್ಬರಿಗೂ ಒಂದೇ ದಿನ ಬರೆಯುವುದರಲ್ಲಿ ತಪ್ಪಿಲ್ಲ. ಅಜ್ಜನ ಮರಣ ಪ್ರಮಾಣಪತ್ರ, ನಿಮ್ಮ ಸಂಬಂಧ ತೋರಿಸುವ ಕಾಗದ, ಸಿಕ್ಕಿದ ಎಲ್ಲದರ ಜೆರಾಕ್ಸ್ ಲಗತ್ತಿಸಿ, ಅಸಲು ಕಳಿಸಲೇಬೇಡಿ. ಆಯಿ ಇದ್ದರೆ ಅರ್ಜಿ ಅವರ ಹೆಸರಿನಲ್ಲೇ, ಅವರ ಸಹಿ ಅಥವಾ ಹೆಬ್ಬೆಟ್ಟಿನಿಂದಲೇ ಹೋಗಲಿ. ಜಿಲ್ಲಾ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯವರು ಪತ್ರ ಬರೆಯಲು ನೆರವಾಗುತ್ತಾರೆ. ಅಜ್ಜ ಅಲ್ಲಿ ಹೆಸರು ನೋಂದಾಯಿಸಿದ್ದರೆ ಸಂಖ್ಯೆಯೂ ಅಲ್ಲೇ ಸಿಗುತ್ತದೆ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ, ಪ್ರತಿ ಪುಟಕ್ಕೆ ಮುಂದೆ 2 ರೂಪಾಯಿ. ಅರ್ಜಿ 500 ಶಬ್ದ ದಾಟದಿರಲಿ. ಉತ್ತರಕ್ಕೆ 30 ದಿನ, ಬಾರದಿದ್ದರೆ ಇನ್ನು 30 ದಿನದೊಳಗೆ ಮೊದಲ ಮೇಲ್ಮನವಿ. "ನಮ್ಮಜ್ಜ ವಿಶೇಷ ಪಡೆಯಲ್ಲಿದ್ದರೇ?" ಎಂದು ಕೇಳಬೇಡಿ. ಈ ಕಾಯ್ದೆಯಡಿ ಸಿಗುವುದು ಕಾಗದ, ಅಭಿಪ್ರಾಯವಲ್ಲ. ಹೀಗೆ ಕೇಳಿ: ಇಂಥ ಸಂಖ್ಯೆಯವರ ಸೇವಾ ಕಡತವಾದ ಶೀಟ್ ರೋಲ್‌ನ ದೃಢೀಕೃತ ಪ್ರತಿ, ಲಾಂಗ್ ರೋಲ್‌ನಲ್ಲಿ ಅವರ ನಮೂದಿನ ಪ್ರತಿ, ವರ್ಗಾವಣೆ, ಬಡ್ತಿ, ಕೋರ್ಸುಗಳ ಪಾರ್ಟ್-2 ಆರ್ಡರುಗಳು (ಯೂನಿಟ್ಟಿನ ಲಿಖಿತ ಆದೇಶಗಳು), ಶೀಟ್ ರೋಲ್ ನಾಶವಾಗಿದ್ದರೆ ನಾಶಪಡಿಸಿದ ತಾರೀಖು.

ಲಾಂಗ್ ರೋಲ್ ಶಬ್ದವನ್ನು ಬಿಡಲೇಬೇಡಿ. ಪಿಂಚಣಿಯಿಲ್ಲದೆ ಬಂದವರ ಕಡತವನ್ನು 25 ವರ್ಷ ಇಟ್ಟು ನಿಯಮದಂತೆ ನಾಶಮಾಡುತ್ತಾರೆ. ಮಹಾಯುದ್ಧ ಮುಗಿದೊಡನೆ ಮನೆಗೆ ಕಳಿಸಲ್ಪಟ್ಟ ಸಾವಿರಾರು ಜನರ ಕಾಗದ ಹೋದದ್ದು ಹೀಗೆ. ಆದರೆ ಲಾಂಗ್ ರೋಲ್ ಶಾಶ್ವತವಾಗಿ ಇಡುವ ದಪ್ಪ ಪುಸ್ತಕ. ಒಂದೇ ಸಾಲಾದರೂ ಸರಿ, ಹೆಸರು, ಸಂಖ್ಯೆ, ಸೇರಿದ ದಿನ, ಬಿಟ್ಟ ದಿನ, ಕಾರಣ ಅದರಲ್ಲಿ ಉಳಿದಿರುತ್ತದೆ. "ಕಡತ ನಾಶವಾಗಿದೆ" ಎಂಬ ಉತ್ತರ ಬಂದವರಿಗೆ ಇದೊಂದು ಬಾಗಿಲು ಇನ್ನೂ ತೆರೆದಿದೆ.

"ವೈಯಕ್ತಿಕ ಮಾಹಿತಿ" ಎಂದು ನಿರಾಕರಿಸಿದರೆ ಮೇಲ್ಮನವಿಯಲ್ಲಿ ಕಲಂ 8(3) ಬರೆಯಿರಿ: 20 ವರ್ಷಕ್ಕಿಂತ ಹಿಂದಿನ ಘಟನೆಗೆ ಆ ತಡೆ ಅನ್ವಯಿಸದು. ದೇಶದ ಭದ್ರತೆಯ ಕಾರಣ ಕೊಟ್ಟರೆ ಮಾತ್ರ 20 ವರ್ಷವಾದರೂ ತಡೆ ಉಳಿಯುತ್ತದೆ. ಅಜ್ಜ ಗುಪ್ತ ಕಾರ್ಯಾಚರಣೆಯ ಪಡೆಯಾದ ಸ್ಪೆಷಲ್ ಫ್ರಾಂಟಿಯರ್ ಫೋರ್ಸ್‌ಗೆ ಹೋಗಿದ್ದರೆ ಆ ಪಡೆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ, ಮಾಹಿತಿ ಕೊಡುವ ಹೊಣೆ ಅದಕ್ಕಿಲ್ಲ. ಆದರೆ ಮೂಲ ರೆಜಿಮೆಂಟಿನಿಂದ ಯಾವಾಗ ಹೊರಟರು, ಯಾವಾಗ ಮರಳಿದರು ಎಂಬುದನ್ನು ಭೂಸೇನೆಯಿಂದ ಕೇಳಬಹುದು. ನಡುವಿನ ಖಾಲಿ ಜಾಗವನ್ನು ಖಾಲಿಯಾಗಿಯೇ ಬರೆದಿಡಿ. ಊಹೆಯಿಂದ ತುಂಬಿದರೆ ಮುಂದಿನ ತಲೆಮಾರು ಅದನ್ನೇ ನಿಜವೆಂದು ನಂಬುತ್ತದೆ.

ಅಜ್ಜನ ತಾರೀಖುಗಳು ಕೈಗೆ ಬಂದ ಮೇಲೆ ಯೂನಿಟ್ಟಿನ ದಿನಗಳ ಪಕ್ಕ ಇಟ್ಟು ನೋಡಿ. 10 ಪ್ಯಾರಾ ಕಮಾಂಡೋ ಸಿಂಧ್‌ನ ಛಾಚ್ರೋ ಮೇಲೆ ಬಿದ್ದದ್ದು 1971ರ ಡಿಸೆಂಬರ್ ಮೊದಲ ವಾರದ ಕೊನೆಗೆ. 9 ಪ್ಯಾರಾ ಕಮಾಂಡೋ ಪೂಂಛ್ ಬಳಿಯ ಮಂಡೋಲ್‌ನಲ್ಲಿ ತೋಪುಗಳನ್ನು ಉಡಾಯಿಸಿದ್ದು ಅದೇ ತಿಂಗಳ 13-14ರ ರಾತ್ರಿ. ಆ ರಾತ್ರಿ ಅಜ್ಜ ಆಸ್ಪತ್ರೆಯಲ್ಲಿದ್ದರೋ ರಜೆಯಲ್ಲಿದ್ದರೋ ಪಾರ್ಟ್-2 ಆರ್ಡರು ಹೇಳುತ್ತದೆ. ಮಹಾಯುದ್ಧದ ಯುದ್ಧ ದಿನಚರಿಗಳು ಲಂಡನ್ನಿನ ಕ್ಯೂದಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅಲ್ಲಿನ ಸಂಗ್ರಹ ಸಂಖ್ಯೆ ಬರ್ಮಾದ್ದು ಡಬ್ಲ್ಯುಒ 172, ಶೌರ್ಯ ಪದಕದ ಶಿಫಾರಸು ಡಬ್ಲ್ಯುಒ 373. ದಿನಚರಿಯಲ್ಲಿ ಅಧಿಕಾರಿಗಳ ಹೆಸರು ಬರುತ್ತದೆ, ಸಿಪಾಯಿಯದು ಅಪರೂಪ. ಭಾರತೀಯ ಸಿಪಾಯಿಯ ಸ್ವಂತ ಕಡತ ಅಲ್ಲಿಲ್ಲ, ಅದಕ್ಕಾಗಿ ದುಡ್ಡು ಕಳೆಯಬೇಡಿ. ಮಡಿದವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರು ಪುಕ್ಕಟೆ ಸಿಗುತ್ತದೆ, ಎಷ್ಟೋ ಸಲ ತಂದೆಯ ಹೆಸರು, ಊರಿನ ಸಮೇತ.

ಅರ್ಜಿಯ ಉತ್ತರ ಬರುವವರೆಗೆ ಸುಮ್ಮನಿರಬೇಡಿ. ಅಜ್ಜನ ಜೊತೆ ಭರ್ತಿಯಾದ ಅದೇ ಊರಿನ, ಪಕ್ಕದೂರಿನ ಹಿರಿಯರು ಯಾರಾದರೂ ಇದ್ದರೆ ಈ ವಾರವೇ ಹೋಗಿ ಕೂತು ಮಾತಾಡಿಸಿ. ಕಂಪನಿ ಯಾವುದು, ಸುಬೇದಾರ್ ಸಾಹೇಬರು ಯಾರು, ಎಷ್ಟು ಜಂಪ್ ಆಗಿತ್ತು, ಮೊದಲ ಜಂಪ್ ಆಗ್ರಾದಲ್ಲೋ ಎಂದು ಕೇಳಿ. ಹಳೆಯ ಗುಂಪು ಫೋಟೋ ತೋರಿಸಿದರೆ ಹೆಸರುಗಳು ತಾವಾಗಿ ಬರುತ್ತವೆ. ಅವರು ಹೇಳಿದ್ದನ್ನು ಅವರ ಅಪ್ಪಣೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿ, ಫೋಟೋದ ಹಿಂದೆ ಪೆನ್ಸಿಲಿನಿಂದ ಎಡದಿಂದ ಬಲಕ್ಕೆ ಹೆಸರು ಬರೆದಿಡಿ.